ಪುಟ್ಟ ಮಕ್ಕಳಿಗೆ ಸ್ವರ್ಗದ ಕಥೆ: ಹೇಗೆ ಹೇಳಬೇಕು, ಎಲ್ಲಿ ಎಡವುತ್ತೇವೆ

ಬಹಳ ಮನೆಗಳಲ್ಲಿ ಸ್ವರ್ಗದ ಮಾತು ಮೊದಲು ಬರುವುದೇ ಸಾವಿನ ದಿನ. ಅಜ್ಜಿ ತೀರಿಕೊಂಡಿರುತ್ತಾರೆ, ಅಂಗಳದ ತುಂಬ ಬಾಡಿಗೆ ಕುರ್ಚಿ, ನಾಲ್ಕು ವರ್ಷದ ಮಗು "ಅಜ್ಜಿ ಎಲ್ಲಿ?" ಎಂದು ಕೇಳುತ್ತದೆ. ಒಬ್ಬರು "ಮಲಗಿದ್ದಾರೆ" ಅನ್ನುತ್ತಾರೆ, ಇನ್ನೊಬ್ಬರು "ನಕ್ಷತ್ರ ಆದರು" ಅನ್ನುತ್ತಾರೆ, ಮತ್ತೊಬ್ಬರು "ದೇವರಿಗೆ ಇಷ್ಟವಾದರು, ಅದಕ್ಕೇ ಕರ್ಕೊಂಡರು" ಅನ್ನುತ್ತಾರೆ. ಮೂರೂ ಪ್ರೀತಿಯಿಂದ ಬಂದ ಮಾತೇ. ಮೂರೂ ಮಗುವಿಗೆ ತೊಂದರೆ ಕೊಡುತ್ತವೆ, ಯಾಕೆಂದು ಮುಂದೆ ಹೇಳುತ್ತೇವೆ. ಆ ದಿನಕ್ಕಿಂತ ಬಹಳ ಮೊದಲೇ, ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ, ಈ ಕಥೆಗಳು ಮಗುವಿಗೆ ಪರಿಚಯವಾಗಿರಬೇಕು.

ಈ ಲೇಖನ 3ರಿಂದ 8 ವರ್ಷದ ಮಕ್ಕಳಿಗೆ ಕಥೆ ಹೇಳುವ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ, ಭಾನುವಾರ ಶಾಲೆಯ ಅಕ್ಕ ಅಣ್ಣಂದಿರಿಗೆ. ಹಾಸನ ಪೇಟೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೂ ಮೂಡಿಗೆರೆ, ಸಕಲೇಶಪುರದ ಎಸ್ಟೇಟ್ ಕೆಲಸಗಾರರ ಲೈನ್‌ಮನೆಯವರಿಗೂ ಒದಗಬೇಕು. 1963ರಲ್ಲಿ ಸ್ಥಾಪನೆಯಾಗಿ ಈಗ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳನ್ನು ಒಳಗೊಂಡಿರುವ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಚರ್ಚುಗಳಿಗೂ ಹೊಂದಬೇಕು. ಸ್ವರ್ಗ ಎನ್ನುವುದೋ ಪರಲೋಕ ಎನ್ನುವುದೋ, ನಿಮ್ಮ ಚರ್ಚಿನಲ್ಲಿ ಕೇಳಿಬರುವುದನ್ನೇ ಬಳಸಿ. ಮನೆಮಾತು ಕೊಂಕಣಿಯೋ ತಮಿಳೋ ಆದರೆ ಮನೆಯಲ್ಲಿ ಕಥೆಯೂ ಆ ಮಾತಿನಲ್ಲೇ ಇರಲಿ.

ಮೊದಲೇ ತೀರ್ಮಾನಿಸಬೇಕಾದ ಸಂಗತಿ

ಏಳು ವರ್ಷದ ಒಳಗಿನ ಮಗು ಹೇಳಿದ ಮಾತನ್ನು ಹೇಳಿದ ಹಾಗೇ ನಂಬುತ್ತದೆ. "ಚಿನ್ನದ ಬೀದಿ" ಅಂದರೆ ಬೀರುವಿನಲ್ಲಿರುವ ಅಮ್ಮನ ಸರ ನೆನಪಾಗುತ್ತದೆ. "ಮೋಡದ ಮೇಲೆ" ಅಂದರೆ ಮಳೆ ಬಂದಾಗ ಅಲ್ಲಿರುವವರು ಕೆಳಗೆ ಬೀಳುವುದಿಲ್ಲವೇ ಎಂಬ ಯೋಚನೆ. ಇದರ ಮೇಲೆ ಟಿ.ವಿ. ಪೌರಾಣಿಕ ಧಾರಾವಾಹಿಯಲ್ಲಿ ಕಂಡ ಹೊಗೆ ತುಂಬಿದ ಆಸ್ಥಾನವೂ ಸೇರಿಕೊಂಡಿರುತ್ತದೆ. ಹಾಗಾಗಿ ಸ್ವರ್ಗದಲ್ಲಿ ಏನೇನಿದೆ ಎಂದು ವರ್ಣಿಸಲು ಹೋಗಬೇಡಿ. ಯಾರಿದ್ದಾರೆ, ಅವರು ನಮ್ಮನ್ನು ಹೇಗೆ ಕರೆಯುತ್ತಾರೆ ಎನ್ನುವುದನ್ನು ಹೇಳಿ. ಸುವಾರ್ತೆಗಳಲ್ಲಿ ಯೇಸು ಸ್ವಾಮಿ ಹೆಚ್ಚಾಗಿ ಮಾಡಿದ್ದೂ ಅದನ್ನೇ: ಹುಡುಕಿಕೊಂಡು ಬರುವ ಕುರುಬ, ಎಲ್ಲರನ್ನೂ ಕರೆಯುವ ಔತಣ, ಜಾಗವಿರುವ ಅಪ್ಪನ ಮನೆ.

ಸ್ವರ್ಗವನ್ನು ಬಹುಮಾನ ಮಾಡಬೇಡಿ. "ಹೋಮ್‌ವರ್ಕ್ ಮಾಡಿದರೆ ಸ್ವರ್ಗ, ತಂಗಿಗೆ ಹೊಡೆದರೆ ನರಕ" ಎಂದು ಒಮ್ಮೆ ಶುರುವಾದರೆ ಮಗು ದೇವರನ್ನು ಶಾಲೆಯ ಮಾನಿಟರ್ ಎಂದುಕೊಳ್ಳುತ್ತದೆ. ನರಕದ ವರ್ಣನೆ ಈ ವಯಸ್ಸಿಗೆ ಬೇಡವೇ ಬೇಡ. ಹೆದರಿಕೆಯಿಂದ ಸ್ವಲ್ಪ ದಿನ ಮಾತು ಕೇಳುವುದು ನಿಜ. ಆಮೇಲೆ ಒಬ್ಬರೇ ಬಚ್ಚಲಿಗೆ ಹೋಗಲು ಅಳುತ್ತಾರೆ, ಪ್ರಾರ್ಥನೆ ಹೊತ್ತಿಗೆ ಕೋಣೆ ಬಿಟ್ಟು ಓಡುತ್ತಾರೆ. ಲೂಕ 16ನೇ ಅಧ್ಯಾಯದ ಐಶ್ವರ್ಯವಂತ ಮತ್ತು ಲಾಜರನ ಕಥೆಯನ್ನು ಹತ್ತು ವರ್ಷ ದಾಟಿದವರಿಗೆ ಇಟ್ಟುಕೊಳ್ಳಿ.

ಏಳು ಕಥೆ, ಒಂದೊಂದಕ್ಕೆ ಮೂರು ವಾರ

ಜೂನ್ ಮೊದಲ ಭಾನುವಾರ ಶುರು ಮಾಡಿ ಒಂದು ಕಥೆಯನ್ನು ಮೂರು ವಾರ ಹೇಳಿದರೆ ಏಳು ಕಥೆಗೆ 21 ವಾರ. ಅಕ್ಟೋಬರ್ ಕೊನೆಗೆ ಮುಗಿಯುತ್ತದೆ. ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಸಮಾಧಿಗೆ ಹೂವು ಮೇಣದಬತ್ತಿ ಹಿಡಿದು ಹೋಗುವ ಹೊತ್ತಿಗೆ ಮಗುವಿನ ಬಳಿ ಏಳು ಕಥೆ ಇರುತ್ತವೆ. ಆ ದಿನ ಆಚರಿಸದ ಸಭೆಗಳಿಗೂ ಈ ಅಳತೆ ಅನುಕೂಲವೇ.

ಸಾಲು ಹೀಗಿರಲಿ: ತಪ್ಪಿಹೋದ ಕುರಿ (ಲೂಕ 15:3-7), ಯೇಸು ಮಕ್ಕಳನ್ನು ಎತ್ತಿಕೊಂಡದ್ದು (ಮಾರ್ಕ 10:13-16), ಸಾಸಿವೆ ಮತ್ತು ಹುಳಿಹಿಟ್ಟು (ಮತ್ತಾಯ 13:31-33), ದೊಡ್ಡ ಔತಣ (ಲೂಕ 14:16-23), ಯಾಯೀರನ ಮಗಳು (ಮಾರ್ಕ 5:21-43), ಅಪ್ಪನ ಮನೆ (ಯೋಹಾನ 14:1-6), ಕಣ್ಣೀರು ಒರೆಸುವ ದೇವರು (ಪ್ರಕಟನೆ 21:3-4, 25). ಸಾವು ಬರುವುದು ಐದನೆಯದರಲ್ಲಿ. ಅಷ್ಟರೊಳಗೆ ಯೇಸು ಎಂಥವರು ಎಂದು ಮಗುವಿಗೆ ಗೊತ್ತಾಗಿರುತ್ತದೆ. ಈ ಕ್ರಮ ಬದಲಿಸಿದರೆ ಕಷ್ಟ: ಗುರುತಿಲ್ಲದವರ ಮನೆಗೆ ಹೋಗಲು ಯಾವ ಮಗು ಒಪ್ಪುತ್ತದೆ?

ಒಂದೇ ಕಥೆ ಮೂರು ವಾರ ಅಂದರೆ ದೊಡ್ಡವರಿಗೆ ಬೇಸರ, ಮಕ್ಕಳಿಗೆ ಅಲ್ಲ. ಮೊದಲ ವಾರ ಕೇಳುತ್ತಾರೆ, ಎರಡನೇ ವಾರ ನಿಮ್ಮನ್ನು ತಿದ್ದುತ್ತಾರೆ, ಮೂರನೇ ವಾರ ತಾವೇ ಹೇಳುತ್ತಾರೆ. ಆದ್ದರಿಂದ ಮಾತುಗಳನ್ನು ವಾರ ವಾರ ಬದಲಿಸಬೇಡಿ.

ಕಥೆಯ ಪೆಟ್ಟಿಗೆ

ಕಥೆಗೆ ಬೇಕಾದ ಗೊಂಬೆಗಳನ್ನು ಇಡಲು ಒಂದು ಚಪ್ಪಲಿ ಡಬ್ಬ ಸಾಕು. ಗೊಂಬೆಗಳಿಗೆ ಹಳೆಯ ಮದುವೆ ಕಾಗದದ ದಪ್ಪ ರಟ್ಟು ಚೆನ್ನಾಗಿರುತ್ತದೆ. 10ರಿಂದ 12 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಹಿಂಬದಿಗೆ ಬಡಗಿಗಳು ಮರ ಉಜ್ಜುವ ಉಪ್ಪುಕಾಗದದ ಎರಡು ಬೆರಳಗಲದ ತುಂಡನ್ನು ಒರಟು ಮೈ ಹೊರಗೆ ಬರುವಂತೆ ಅಂಟಿಸಿ. ಹಲಗೆಗೆ ಕಂಬಳಿ ಬಿಗಿದು ಗೋಡೆಗೆ ಓರೆಯಾಗಿ ನಿಲ್ಲಿಸಿದರೆ ಗೊಂಬೆ ಅದಕ್ಕೆ ಕಚ್ಚಿಕೊಳ್ಳುತ್ತದೆ. ನೆಟ್ಟಗೆ ನಿಲ್ಲಿಸಿದರೆ ಅರ್ಧ ಕಥೆಗೇ ಎಲ್ಲ ಕುರಿಗಳೂ ಉದುರುತ್ತವೆ. ಮಳೆಗಾಲದಲ್ಲಿ ರಟ್ಟು ಸುರುಳಿಯಾಗುವುದರಿಂದ ಮುಂಭಾಗಕ್ಕೆ ಅಗಲದ ಪಾರದರ್ಶಕ ಟೇಪ್ ಮೆತ್ತಿ.

ಯೇಸುವಿನ ಗೊಂಬೆಗೆ ಬಿಳಿ ಮುಖ, ನೀಲಿ ಕಣ್ಣು ಬೇಡ. ಅವರು ಪಶ್ಚಿಮ ಏಷ್ಯಾದ ಯೆಹೂದಿ. ನಮ್ಮೂರಿನ ಕಂದು ಬಣ್ಣ ಬಳಿದರೂ ತಪ್ಪೇನಿಲ್ಲ.

ಕಾಳು, ಬೀಜಗಳ ವಿಷಯದಲ್ಲಿ ಎಚ್ಚರ. ನಾಲ್ಕು ವರ್ಷದೊಳಗಿನವರು ಕಾಫಿ ಬೀಜ, ಹುಣಸೆ ಬೀಜಗಳನ್ನು ಮೂಗಿಗೆ ತುರುಕಿಕೊಳ್ಳುತ್ತಾರೆ, ನುಂಗುತ್ತಾರೆ. ಅವರಿಗೆ ನಿಂಬೆಹಣ್ಣಿಗಿಂತ ಚಿಕ್ಕದಾದ ಏನನ್ನೂ ಕೈಗೆ ಕೊಡಬೇಡಿ. ದೊಡ್ಡ ಮಕ್ಕಳಿಗಾದರೆ ತಪ್ಪಿಹೋದ ಕುರಿಯ ಕಥೆಗೆ ನೂರು ಕಾಫಿ ಬೀಜ ಎಣಿಸಿ ಹತ್ತರ ಹತ್ತು ಸಾಲಾಗಿ ಇಡಿಸಿ, ಕಣ್ಣು ಮುಚ್ಚಿಸಿ ಒಂದನ್ನು ತೆಗೆಯಿರಿ. ಕೊನೆಯ ಸಾಲಿನ ಖಾಲಿ ಜಾಗ ಕಂಡ ಕೂಡಲೇ "ಒಂದು ಇಲ್ಲ!" ಎಂದು ಕೂಗುತ್ತಾರೆ. ತೊಂಬತ್ತೊಂಬತ್ತು ಇದ್ದರೂ ಆ ಒಂದನ್ನು ಕುರುಬ ಯಾಕೆ ಹುಡುಕಿದ ಎಂದು ನೀವು ಬೇರೆ ವಿವರಿಸಬೇಕಿಲ್ಲ. ಅರಸೀಕೆರೆ ಕಡೆಯ ಮಕ್ಕಳು ಮಂದೆ ನೋಡಿರುತ್ತಾರೆ. ಮಲೆನಾಡಿನ ಮಕ್ಕಳಿಗೆ ಕುರಿಗಿಂತ ದನ ಹತ್ತಿರ. ಆದರೂ ಕಥೆಯನ್ನು ದನಕ್ಕೆ ಬದಲಿಸಬೇಡಿ, ಕುರಿಯ ಚಿತ್ರ ತೋರಿಸಿದರೆ ಸಾಕು.

ಹುಳಿಹಿಟ್ಟಿನ ಪ್ರಯೋಗ

ಮೂರನೇ ಕಥೆಯನ್ನು ನಮ್ಮ ಅಡುಗೆಮನೆಗಳು ತಾವಾಗಿ ಹೇಳಿಕೊಡುತ್ತವೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ಯೇಸು ಹೇಳಿದ್ದು ರೊಟ್ಟಿಯ ಹಿಟ್ಟಿನ ಮಾತು: ಒಬ್ಬ ಹೆಂಗಸು ಮೂರು ಸೇರು ಹಿಟ್ಟಿನಲ್ಲಿ ಹುಳಿ ಬೆರೆಸಿಟ್ಟಳು, ಅದೆಲ್ಲ ಉಬ್ಬಿತು. ಮಕ್ಕಳಿಗೆ ತೋರಿಸಲು ದೋಸೆ ಹಿಟ್ಟು ತೆಗೆದುಕೊಳ್ಳಿ.

ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು ನೆನೆಸಿ ರುಬ್ಬಿ, ಉಪ್ಪು ಹಾಕದೆ ಎರಡು ಗಾಜಿನ ಲೋಟಕ್ಕೆ ಅರ್ಧರ್ಧ ಸುರಿಯಿರಿ. ಒಂದಕ್ಕೆ ಮಾತ್ರ ಹಿಂದಿನ ದಿನದ ಹುಳಿ ಬಂದ ಹಿಟ್ಟು ಒಂದು ಚಮಚ ಕಲಸಿ. ಎರಡಕ್ಕೂ ಹಿಟ್ಟಿನ ಮಟ್ಟದಲ್ಲಿ ರಬ್ಬರ್ ಬ್ಯಾಂಡ್ ಹಾಕಿ. ಶನಿವಾರ ರಾತ್ರಿ ಇಟ್ಟರೆ ಭಾನುವಾರ ಬೆಳಗ್ಗೆ ಹುಳಿ ಬೆರೆಸಿದ್ದು ಬ್ಯಾಂಡಿಗಿಂತ ಮೇಲೆ ಬಂದಿರುತ್ತದೆ. ಲೋಟ ತುಂಬ ಹಾಕಿದರೆ ಉಕ್ಕಿ ಮೇಜೆಲ್ಲ ಹಿಟ್ಟು.

ಇದು ಕೆಡುವುದು ಬೇಸಿಗೆಯಲ್ಲಿ. ಉದ್ದಿನಲ್ಲೇ ಹುಳಿ ಬರಿಸುವ ಸೂಕ್ಷ್ಮಜೀವಿಗಳಿರುವುದರಿಂದ ಸೆಖೆಗೆ ಎರಡೂ ಲೋಟ ಉಬ್ಬಿಬಿಡುತ್ತವೆ, ವ್ಯತ್ಯಾಸ ಕಾಣದೆ ಮಕ್ಕಳು ನಿಮ್ಮ ಮುಖ ನೋಡುತ್ತಾರೆ. ಆಗ ರುಬ್ಬಿದ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಬೆಳಗಿನ ಜಾವ ತೆಗೆದು ಕಲಸಿ. ಮಳೆಗಾಲದ ಥಂಡಿಯಲ್ಲಿ ಹುಳಿ ಹಾಕದ ಲೋಟ ಅಲ್ಲಾಡದೆ ಕೂತಿರುತ್ತದೆ, ಬೆರೆಸಿದ್ದು ಮಾತ್ರ ನಿಧಾನಕ್ಕೆ ಏರುತ್ತದೆ. ದೋಸೆ ಹಿಟ್ಟು ಏಳುವುದಿಲ್ಲ ಎಂದು ಬೈಸಿಕೊಳ್ಳುವ ಕೊಪ್ಪ, ಶೃಂಗೇರಿಯ ಚಳಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ತೀರಾ ಥಂಡಿ ಇದ್ದರೆ ಎರಡೂ ಲೋಟಗಳನ್ನು ಒಲೆಯ ಪಕ್ಕ, ಒಂದೇ ದೂರದಲ್ಲಿ ಇಡಿ.

ನೋಡಿದ ಮೇಲೆ ಇಷ್ಟು ಹೇಳಿ: "ಹುಳಿ ಕಣ್ಣಿಗೆ ಕಾಣಲ್ಲ, ಆದರೂ ಒಳಗೆ ಕೆಲಸ ಮಾಡ್ತಾ ಇತ್ತು. ದೇವರ ರಾಜ್ಯ ಹಾಗೆ ಅಂತ ಯೇಸು ಹೇಳಿದರು." ಸ್ವರ್ಗ ಸತ್ತಮೇಲಿನ ವಿಷಯ ಮಾತ್ರವಲ್ಲ, ಇಲ್ಲೇ ಶುರುವಾಗುತ್ತದೆ ಎನ್ನುವುದು ಮಗುವಿಗೆ ಮುಟ್ಟುವ ಜಾಗ ಇದು. ಆಮೇಲೆ ಅದೇ ಹಿಟ್ಟಿಗೆ ಉಪ್ಪು ಬೆರೆಸಿ ದೋಸೆ ಹುಯ್ಯಿರಿ.

ಸಾಸಿವೆಗೆ ತೆಂಗಿನ ಚಿಪ್ಪಿನಲ್ಲಿ ಮಣ್ಣು ಹಾಕಿ, ಕಾಲು ಇಂಚು ಆಳದಲ್ಲಿ ನಾಲ್ಕು ಕಾಳು. ಮೂರರಿಂದ ಐದು ದಿನಕ್ಕೆ ಮೊಳಕೆ. ಚಿಪ್ಪಿನ ತಳಕ್ಕೆ ತೂತು ಮಾಡದಿದ್ದರೆ ನೀರು ನಿಂತು ಕೊಳೆಯುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಸಾಸಿವೆ ತೋರಿಸಲು ಸಿಕ್ಕರೆ ಇನ್ನೂ ಒಳ್ಳೆಯದು. ಎಸ್ಟೇಟಿನವರು ಕಾಫಿ ಬೀಜ ನೆಡಲು ಆಸೆ ಪಡುತ್ತಾರೆ. ಅದು ಮೊಳೆಯಲು ಒಂದೂವರೆ ತಿಂಗಳು ಬೇಕು, ಮಕ್ಕಳು ಅಷ್ಟು ಕಾಯುವುದಿಲ್ಲ, ದಿನಾ ಅಗೆದು ನೋಡಿಬಿಡುತ್ತಾರೆ.

ಹೇಳುವ ಬಗೆ

ಮೂರು ನಾಲ್ಕು ವರ್ಷದವರಿಗೆ ಐದು ನಿಮಿಷ, ಐದರಿಂದ ಎಂಟರವರಿಗೆ ಹತ್ತು ನಿಮಿಷ. ಇದರ ಮೇಲೆ ಹೋದರೆ ಕಾಲು ಅಲ್ಲಾಡಲು ಶುರು. ಎಂಟು ಹತ್ತು ಮಕ್ಕಳನ್ನು ಅರ್ಧ ಚಂದ್ರಾಕಾರದಲ್ಲಿ ನೆಲದ ಮೇಲೆ ಕೂರಿಸಿ, ನೀವೂ ನೆಲದಲ್ಲೇ ಕೂರಿ. ಶೀಟಿನ ಮಾಡಿನ ಮೇಲೆ ಜುಲೈ ಮಳೆ ಸುರಿಯುವಾಗ ಒಂದು ಮಾರಿನಾಚೆಗೆ ನಿಮ್ಮ ದನಿ ಕೇಳುವುದಿಲ್ಲ. ಕಿರುಚಬೇಡಿ, ಇನ್ನೂ ಹತ್ತಿರ ಸೇರಿಸಿಕೊಂಡು ಕೈಸನ್ನೆ ಹೆಚ್ಚು ಬಳಸಿ. ಕರೆಂಟ್ ಹೋದ ರಾತ್ರಿ ಮೇಣದಬತ್ತಿಯಲ್ಲಿ ಕುರಿಯ ಕಥೆ ಚೆನ್ನಾಗಿರುತ್ತದೆ, ಸಾವಿನ ಕಥೆ ಮಾತ್ರ ಹಗಲಿಗಿರಲಿ.

ಪುಸ್ತಕ ನೋಡಿ ಓದಬೇಡಿ. ಸತ್ಯವೇದ ಮಡಿಲಲ್ಲಿ ತೆರೆದಿರಲಿ, ಕಥೆ ಎಲ್ಲಿಂದ ಬಂತೆಂದು ಮಕ್ಕಳು ಕಾಣಲಿ. ಮಾತು ಮಾತ್ರ ನಿಮ್ಮದು. ಅಪ್ಪನ ಮನೆಯ ಕಥೆ ಇಷ್ಟೇ ಸಾಕು:

"ಯೇಸು ಹೊರಡೋ ಹೊತ್ತು ಬಂತು. ಅವರ ಗೆಳೆಯರಿಗೆಲ್ಲ ಬೇಜಾರು, ಹೆದರಿಕೆ. ಯೇಸು ಹೇಳಿದರು, ಹೆದರಬೇಡಿ. ನಮ್ಮಪ್ಪನ ಮನೇಲಿ ಬೇಕಾದಷ್ಟು ಜಾಗ ಇದೆ. ನಿಮಗೆ ಜಾಗ ಮಾಡೋಕೆ ಹೋಗ್ತಿದೀನಿ. ಆಮೇಲೆ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ನಾನಿರೋ ಕಡೆ ನೀವೂ ಇರ್ತೀರಿ. ಆಗ ತೋಮ ಕೇಳಿದ, ಸ್ವಾಮಿ, ನಮಗೆ ದಾರಿನೇ ಗೊತ್ತಿಲ್ಲವಲ್ಲ? ಯೇಸು ಹೇಳಿದರು, ನಾನೇ ದಾರಿ."

"ಬಹಳ ಕೋಣೆಗಳು" ಎನ್ನದೆ "ಜಾಗ" ಎಂದದ್ದಕ್ಕೆ ಕಾರಣವಿದೆ. ಒಂದೇ ಕೋಣೆಯ ಲೈನ್‌ಮನೆಯಲ್ಲಿ ಆರು ಜನ ಮಲಗುವ ಮಗುವಿಗೆ ಕೋಣೆಗಳ ಲೆಕ್ಕ ಹೇಳಿದರೆ ಅದು ಸಾಹುಕಾರರ ಬಂಗಲೆಯ ಕಥೆಯಾಗಿಬಿಡುತ್ತದೆ. ಜಾಗ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಬಸ್ಸಿನಲ್ಲಿ ಸರಿದು ಕೂತು ಜಾಗ ಕೊಡುವುದನ್ನು ಮಕ್ಕಳು ದಿನಾ ನೋಡುತ್ತಾರೆ.

ಮುಗಿದ ಕೂಡಲೇ "ಇದರಿಂದ ನಾವೇನು ಕಲಿತೆವು?" ಎಂದು ಕೇಳುವ ಚಾಳಿ ಬಿಡಿ. ಕೇಳಿದರೆ ಉತ್ತರ ಯಾವಾಗಲೂ ಒಂದೇ: "ಒಳ್ಳೆಯವರಾಗಬೇಕು, ಮಿಸ್." ಬದಲಿಗೆ, "ನಿನಗೆ ಯಾವುದು ಇಷ್ಟ ಆಯ್ತು? ಈ ಕಥೇಲಿ ನೀನಿದ್ದಿದ್ರೆ ಎಲ್ಲಿರ್ತಿದ್ದೆ?" ಕೇಳಿ ಸುಮ್ಮನಿರಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮೌನ ತಡೆಯಲಾರದೆ ನಾವೇ ಉತ್ತರ ಹೇಳಿಬಿಡುವುದು ಭಾನುವಾರ ಶಾಲೆಗಳಲ್ಲಿ ತೀರಾ ಸಾಮಾನ್ಯ.

ಯಾಯೀರನ ಮಗಳು

ಇದು ಎಚ್ಚರದಿಂದ ಹೇಳಬೇಕಾದ ಕಥೆ. ಹನ್ನೆರಡು ವರ್ಷದ ಹುಡುಗಿ ಸಾಯುತ್ತಾಳೆ, ಯೇಸು ಕೈ ಹಿಡಿದು ಎಬ್ಬಿಸುತ್ತಾರೆ, ಅವಳಿಗೆ ಊಟ ಕೊಡಿ ಎನ್ನುತ್ತಾರೆ. ಆ ಊಟದ ಮಾತು ಮಕ್ಕಳಿಗೆ ಬಹಳ ಇಷ್ಟ, ಬಿಡಬೇಡಿ. ಆದರೆ ನಡುವೆ ಯೇಸು "ಹುಡುಗಿ ಸತ್ತಿಲ್ಲ, ನಿದ್ರೆ ಮಾಡುತ್ತಾಳೆ" ಎನ್ನುವ ಮಾತಿದೆ. ಐದು ವರ್ಷದೊಳಗಿನವರಿಗೆ ಅದನ್ನು ಬಿಟ್ಟು ಹೇಳಿ. ನಿದ್ದೆಯೂ ಸಾವೂ ಒಂದೇ ಎಂದುಕೊಂಡ ಮಗು ರಾತ್ರಿ ಮಲಗಲು ಹೆದರುತ್ತದೆ, ಮಧ್ಯಾಹ್ನ ಮಲಗಿದ ಅಮ್ಮನನ್ನು ಅಲುಗಾಡಿಸಿ ಎಬ್ಬಿಸುತ್ತದೆ. ದೊಡ್ಡವರು "ಮಲಗಿದ್ದಾರೆ" ಎನ್ನಬಾರದು ಎಂದದ್ದೂ ಇದಕ್ಕೇ.

ಇನ್ನೊಂದು ತೊಡಕು: "ಹಾಗಾದರೆ ನಮ್ಮಜ್ಜಿನ ಯಾಕೆ ಎಬ್ಬಿಸಲಿಲ್ಲ?" ಈ ಪ್ರಶ್ನೆ ಬಂದೇ ಬರುತ್ತದೆ. ಜಾಣ ಉತ್ತರ ಹುಡುಕಬೇಡಿ. "ಯಾಕೆ ಅಂತ ನನಗೆ ಗೊತ್ತಿಲ್ಲ ಪುಟ್ಟಾ. ಯೇಸು ಎಲ್ಲರನ್ನೂ ಎಬ್ಬಿಸೋ ದಿನ ಬರುತ್ತೆ ಅಂತ ನಾವು ನಂಬ್ತೀವಿ. ಅಲ್ಲೀವರೆಗೂ ನಮಗೆ ಬೇಜಾರಾಗುತ್ತೆ. ಗೆಳೆಯ ಲಾಜರ ಸತ್ತಾಗ ಯೇಸುನೂ ಅತ್ತಿದ್ದರು." ಯೋಹಾನ 11:35ರ ಆ ಕಣ್ಣೀರು ಈ ವಯಸ್ಸಿನವರಿಗೆ ಬಹಳ ದೊಡ್ಡ ಸಮಾಧಾನ.

ಕೇಳಿಯೇ ಕೇಳುವ ಪ್ರಶ್ನೆಗಳು

"ಮಣ್ಣಲ್ಲಿ ಇಟ್ಟರಲ್ಲ, ಮೇಲೆ ಹೇಗೆ ಹೋದರು?" ಹುರುಳಿ ಕಾಳನ್ನು ಒದ್ದೆ ಹತ್ತಿಯಲ್ಲಿಡಿ, ಎರಡು ಮೂರು ದಿನಕ್ಕೆ ಮೊಳೆಯುತ್ತದೆ. ಬಿತ್ತುವುದು ಬೀಜ, ಬರುವುದು ಬೇರೆಯೇ ರೂಪ ಎಂದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಹೇಳಿದ್ದೂ ಇದೇ. ಆದರೆ "ಅಜ್ಜಿ ಗಿಡವಾಗಿ ಬರ್ತಾರೆ" ಎಂದು ಮಗು ತಿಳಿದುಕೊಳ್ಳದಂತೆ ನೋಡಿಕೊಳ್ಳಿ. "ಅಜ್ಜಿಯ ದೇಹಕ್ಕೆ ಈಗ ನೋವಿಲ್ಲ, ಹಸಿವಿಲ್ಲ, ಅದು ಕೆಲಸ ನಿಲ್ಲಿಸಿದೆ. ಅಜ್ಜಿ ದೇವರ ಹತ್ತಿರ ಇದ್ದಾರೆ" ಎಂದು ಸೀದಾ ಹೇಳಿ.

"ಚಂದ್ರಯಾನ ಮೇಲೆ ಹೋಯ್ತಲ್ಲ, ದೇವರು ಕಂಡರಾ?" ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂ.ಸಿ.ಎಫ್.ನ ದೊಡ್ಡ ಆಂಟೆನಾ ನೋಡುತ್ತ ಬೆಳೆಯುವ ಹಾಸನದ ಮಕ್ಕಳು ಇದನ್ನು ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಆಕಾಶ ಬೇರೆ, ಸ್ವರ್ಗ ಬೇರೆ. ಸ್ವರ್ಗಕ್ಕೆ ರಾಕೆಟ್ ಹೋಗುವುದಿಲ್ಲ ಎಂದು ನೇರವಾಗಿ ಹೇಳಿ. ಯೇಸು ಏರಿಹೋದ ಮೇಲೆ ಆಕಾಶ ನೋಡುತ್ತ ನಿಂತ ಶಿಷ್ಯರನ್ನು "ಯಾಕೆ ಮೇಲೆ ನೋಡುತ್ತ ನಿಂತಿದ್ದೀರಿ?" ಎಂದು ಬಿಳಿ ಬಟ್ಟೆಯವರಿಬ್ಬರು ಕೇಳಿದ್ದು ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲೇ ಇದೆ.

"ನಮ್ಮ ನಾಯಿ?" ಹೌದು ಎಂದೂ ಇಲ್ಲ ಎಂದೂ ಮಾತು ಕೊಡಬೇಡಿ. "ಒಂದು ಗುಬ್ಬಚ್ಚಿಯನ್ನೂ ದೇವರು ಮರೆಯೋದಿಲ್ಲ ಅಂತ ಯೇಸು ಹೇಳಿದ್ದಾರೆ" (ಲೂಕ 12:6) ಅಂದರೆ ಸಾಕು.

"ಅಜ್ಜಿ ದೇವದೂತ ಆದರಾ?" ಇಲ್ಲ. ದೇವದೂತರು ಬೇರೆ, ಮನುಷ್ಯರು ಬೇರೆ. ಅಜ್ಜಿ ಅಜ್ಜಿಯೇ. ನಕ್ಷತ್ರವೂ ಆಗಿಲ್ಲ, ಆಗಿದ್ದಾರೆ ಅಂದರೆ ಮೋಡ ಕವಿದ ಮೂರು ತಿಂಗಳು ಮಗು ಎಲ್ಲಿ ಹುಡುಕಬೇಕು? "ದೇವರಿಗೆ ಇಷ್ಟವಾದರು, ಕರ್ಕೊಂಡರು" ಎಂಬುದು ಎಲ್ಲಕ್ಕಿಂತ ಕೆಟ್ಟದ್ದು. ಮುಂದಿನ ಸರದಿ ತನಗೆ ಇಷ್ಟವಾದವರದ್ದೇ ಎಂದು ಮಗು ಲೆಕ್ಕ ಹಾಕುತ್ತದೆ, ಇಲ್ಲವೇ ತಾನು ದೇವರಿಗೆ ಇಷ್ಟವಾಗದ ಹಾಗೆ ನಡೆದುಕೊಳ್ಳಲು ನೋಡುತ್ತದೆ.

"ನನ್ನ ಫ್ರೆಂಡ್ ಚರ್ಚಿಗೆ ಬರಲ್ಲ, ಅವನು ಸ್ವರ್ಗಕ್ಕೆ ಹೋಗಲ್ವಾ?" ಶಾಲೆಯಲ್ಲಿ ಪಕ್ಕ ಕೂರುವವರು ಹಿಂದೂ, ಮುಸ್ಲಿಂ ಮಕ್ಕಳು. ಇಲ್ಲಿ ಅಜಾಗರೂಕ ಉತ್ತರ ಕೊಟ್ಟರೆ ಮಾರನೇ ದಿನ ನಿಮ್ಮ ಮಗು ಆ ಗೆಳೆಯನಿಗೆ ಹೋಗಿ ಹೇಳುತ್ತದೆ, ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. "ಯಾರು ಬರ್ತಾರೆ ಅನ್ನೋದು ದೇವರಿಗೆ ಬಿಟ್ಟಿದ್ದು, ನಾವು ಹೇಳೋ ಹಾಗಿಲ್ಲ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣದಿಂದ ಜನ ಬಂದು ದೇವರ ಊಟಕ್ಕೆ ಕೂರ್ತಾರೆ ಅಂತ ಯೇಸು ಹೇಳಿದ್ದಾರೆ" (ಲೂಕ 13:29). ಪಕ್ಕದ ಮನೆಯ ಮಗು ಕಥೆಗೆ ಬಂದು ಕೂತರೆ ಅವರ ಅಪ್ಪ ಅಮ್ಮನಿಗೆ ಅವತ್ತೇ ಹೇಳಿ, ಅವರು ಒಪ್ಪದಿದ್ದರೆ ಆಟಕ್ಕೆ ಮಾತ್ರ ಕರೆಯಿರಿ.

ಸತ್ತವರು ಸ್ವರ್ಗ ಸೇರುವ ಮೊದಲು ಶುದ್ಧರಾಗುವ ಶುದ್ಧೀಕರಣ ಸ್ಥಳದ ವಿಚಾರವನ್ನು ಕಥೋಲಿಕ ಮನೆಗಳವರು ಪ್ರಥಮ ಪರಮಪ್ರಸಾದದ (ಫಸ್ಟ್ ಕಮ್ಯುನಿಯನ್) ತಯಾರಿಗೆ ಬಿಟ್ಟುಕೊಡುವುದು ಲೇಸು. ಅಲ್ಲಿಯವರೆಗೆ "ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತೇವೆ" ಅಂದರೆ ಸಾಕು.

ಶೆಟ್ಟಿಹಳ್ಳಿಗೆ ಕರೆದೊಯ್ದರೆ

ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚಿನ ಅವಶೇಷ ಹೇಮಾವತಿ ಹಿನ್ನೀರಿನಲ್ಲಿದೆ. ಮಳೆ ಚೆನ್ನಾಗಿ ಆದ ವರ್ಷ ಅರ್ಧ ಮುಳುಗುತ್ತದೆ. ಏಳೆಂಟು ವರ್ಷದವರಿಗೆ ಕೊನೆಯ ಕಥೆ ಹೇಳಲು ಒಳ್ಳೆಯ ಜಾಗ. "ದೇವರ ಮನೆ ಮುಳುಗಿತಾ?" ಎಂದು ಕೇಳುತ್ತಾರೆ. ಕಟ್ಟಡ ಮುಳುಗುತ್ತದೆ, ಇಲ್ಲಿ ಪ್ರಾರ್ಥಿಸುತ್ತಿದ್ದವರು ಬೇರೆ ಊರಿಗೆ ಹೋಗಿ ಅಲ್ಲೂ ಪ್ರಾರ್ಥಿಸಿದರು ಎಂದು ತಿಳಿಸಿ, ದೇವರ ಹೊಸ ಪಟ್ಟಣದಲ್ಲಿ ಗುಡಿಯೇ ಇರಲಿಲ್ಲ, ದೇವರೇ ಅಲ್ಲಿದ್ದರು ಎಂಬ ಪ್ರಕಟನೆ 21:22 ಓದಿ. ಗೋಡೆಗಳು ಶಿಥಿಲವಾಗಿವೆ, ಒಳಗೆ ಬಿಡಬೇಡಿ. ನೀರಿನ ಅಂಚಿನ ಕೆಸರು ಜಾರುತ್ತದೆ, ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರಾದರೂ ಇರಲಿ.

ಮನೆಯಲ್ಲಿ ಸಾವಾದಾಗ

ಹೊಸ ಕಥೆ ಆಗ ಬೇಡ. ಗೊತ್ತಿರುವ ಕುರಿಯ ಕಥೆಯನ್ನೋ ಅಪ್ಪನ ಮನೆಯ ಕಥೆಯನ್ನೋ, ಅದೇ ಮಾತುಗಳಲ್ಲಿ, ಮಲಗುವಾಗ ಹೇಳಿ. "ಸತ್ತರು" ಎಂಬ ಮಾತನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕು. ಸಮಾಧಿಗೆ ಬರುವುದಾದರೆ ಅಲ್ಲಿ ಏನೇನಾಗುತ್ತದೆ ಎಂದು ಮೊದಲೇ ತಿಳಿಸಿ: ಪೆಟ್ಟಿಗೆ ಕೆಳಗಿಳಿಸುತ್ತಾರೆ, ಎಲ್ಲರೂ ಒಂದು ಹಿಡಿ ಮಣ್ಣು ಹಾಕುತ್ತಾರೆ, ಕೆಲವರು ಜೋರಾಗಿ ಅಳುತ್ತಾರೆ. ಬರಲ್ಲ ಅಂದರೆ ಒತ್ತಾಯ ಬೇಡ. ಅಳದೆ ಆಟವಾಡುತ್ತಿದ್ದರೆ ಬೈಯಬೇಡಿ, ಈ ವಯಸ್ಸಿನ ದುಃಖ ಬಿಟ್ಟು ಬಿಟ್ಟು ಬರುತ್ತದೆ. ಅದೇ ಪ್ರಶ್ನೆಯನ್ನು ದಿನಕ್ಕೆ ನಾಲ್ಕು ಸಲ ಕೇಳಿದರೆ ನಾಲ್ಕು ಸಲವೂ ಅದೇ ಉತ್ತರ ಕೊಡಿ, ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ.

"ನಾನೂ ಅಜ್ಜಿ ಹತ್ರ ಹೋಗ್ತೀನಿ" ಎಂದು ಮಗು ಹೇಳುವುದುಂಟು. ಬಹುಪಾಲು ಅದು ಅಜ್ಜಿ ಬೇಕು ಎಂಬುದರ ಇನ್ನೊಂದು ಮಾತು. ಗದರಿಸದೆ, ಅಜ್ಜಿ ನೆನಪಾಯ್ತಾ ಎಂದು ಕೇಳಿ, ಅವರ ಫೋಟೋ ತೆಗೆದು ಕೂರಿಸಿಕೊಳ್ಳಿ. ಆದರೆ ಅದೇ ಮಾತು ಮತ್ತೆ ಮತ್ತೆ ಬಂದರೆ, ವಾರಗಳು ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ ಕಥೆ, ಪ್ರಾರ್ಥನೆಗಳ ಜೊತೆಗೆ ವೈದ್ಯರೂ ಬೇಕು. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ದೂರದ ಎಸ್ಟೇಟಿನಲ್ಲಿದ್ದು ಅವತ್ತೇ ಹೊರಡಲು ಆಗದಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.